ಮುಚ್ಚಳ ಒಯ್ದ ತಮ್ಮನಿಗೆ

ಪಲೂಸ, ಜಿಲ್ಲಾ ಸಾಂಗಲಿ
ನಾಗಪಂಚಮಿಯ ಮರುದಿನ, ೧೯೯೭

ಚಿ. ಶ್ರೀಪತಿಗೆ,

ಅಣ್ಣ ಧೋಂಡಿರಾಮನ ಆಶೀರ್ವಾದ. ಕಾಗದ ಬರೆಯುವ ರೀತಿಯೇ ಹಾಗೆ ಎಂದು ಬರೆದಿದ್ದೇನೆ, ಅದರಲ್ಲಿ ಹೆಚ್ಚಿನದೇನನ್ನೂ ಹುಡುಕಲು ಹೋಗಬೇಡ. ಮೊದಲು ಕ್ಷೇಮ ಸಮಾಚಾರ. ನಿನ್ನ ಮಂಡಿನೋವು ಹೇಗಿದೆ? ಪುಣೆಯ ನಳದ ನೀರು ಹೊಟ್ಟೆಗೆ ಒಗ್ಗಿತೋ ಇಲ್ಲವೋ? ಒಗ್ಗದಿದ್ದರೆ ನನಗೇನೂ ದುಃಖವಿಲ್ಲ. ಮಗಳು ಶೈಲಾ ಬಾಣಂತಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡೇ ಓಡಾಡಲಿ, ತಣ್ಣೀರು ಮುಟ್ಟದಿರಲಿ. ಮೊಮ್ಮಗ ಓಣಿಗೆಲ್ಲ ಕೇಳುವಂತೆ ಅಳುತ್ತಾನೆ ಎಂದು ಕಾರ್ಡಿನಲ್ಲಿ ಬರೆದಿದ್ದೀ. ಅಳಲಿ! ನಾಟಕ ನೋಡುವ ಕಡೆಯ ಸಾಲಿನವನಿಗೆ ಕೇಳದಂತೆ ಅತ್ತವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ನಿನ್ನ ಅತ್ತಿಗೆ ಹೌಸಾಬಾಯಿ ಗಟ್ಟಿಮುಟ್ಟಾಗಿದ್ದಾಳೆ, ನನ್ನನ್ನು ಬೈಯುವ ಶಕ್ತಿ ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ನಾನೂ ಆರೋಗ್ಯ. ನನ್ನ ಕಣ್ಣೂ ಆರೋಗ್ಯ. ಕ್ಷೇಮ ಸಮಾಚಾರ ಮುಗಿಯಿತು.

ಈಗ ಪರದೆ ಏಳಲಿ! ಬೆಳಕು ನನ್ನ ಮೇಲೆ ಬೀಳಲಿ! ಎಲೈ ಶ್ರೀಪತಿ, ಎಲೈ ಒಡಹುಟ್ಟಿದ ಕಳ್ಳನೇ, ಮಗಳ ಬಾಣಂತನಕ್ಕೆ ಹೋಗುವವರು ಚೀಲದಲ್ಲಿ ಅಂಟಿನುಂಡೆ ಒಯ್ಯುತ್ತಾರೆ, ಮೆತ್ತನೆಯ ಹಳೇ ಸೀರೆ ಒಯ್ಯುತ್ತಾರೆ. ಮೋಟಾರ್‌ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಒಯ್ದವನನ್ನು ಈ ಮಹಾರಾಷ್ಟ್ರದಲ್ಲಿ ಯಾರಾದರೂ ಕಂಡಿದ್ದಾರೆಯೇ? ಮುಚ್ಚಳ ಸಾಲದೆಂದು ಕೆಳಗೆ ಪೆಟ್ರೋಲ್ ಬಿಡುವ ಕಾಕನ್ನೂ ತಿರುವಿ ಬಿಚ್ಚಿಕೊಂಡು ಹೋದವನನ್ನು? ಮೃಗಶಿರ ಮಳೆ ಶುರುವಾದ ದಿನ, ನಾನು ಗಡ್ಡ ಮಾಡಿಸಿಕೊಳ್ಳಲು ಚೌಕಕ್ಕೆ ಹೋಗಿದ್ದಾಗ, ನೀನು ಎಸ್.ಟಿ. ಹತ್ತಿ ಪರಾರಿಯಾದೆ. ಬಂದು ನೋಡುತ್ತೇನೆ, ನಮ್ಮ ರಾಜದೂತ್ ಗಾಡಿ ಹಿತ್ತಲ ಚಪ್ಪರದಲ್ಲಿ ಮೇಲೆ ಬಾಯಿ ಬಿಟ್ಟುಕೊಂಡು, ಕೆಳಗೆ ತೂತು ಬಿಟ್ಟುಕೊಂಡು, ಕಿರೀಟ ಕಳೆದುಕೊಂಡ ಅರಸನ ಹಾಗೆ ನಿಂತಿದೆ. ಒಳಗಿನ ಪೆಟ್ರೋಲನ್ನು ಡಬ್ಬಿಗೆ ಇಳಿಸಿಟ್ಟು ಹೋಗುವಷ್ಟು ಪುರುಸೊತ್ತು ನಿನಗಿತ್ತು, ಅಣ್ಣನ ಮುಖ ನೋಡಿ ಹೇಳಿಹೋಗುವಷ್ಟು ಧೈರ್ಯ ಇರಲಿಲ್ಲ. ಹೌಸಾಳ ಕೈಯಲ್ಲಿ ಸಂದೇಶ ಬಿಟ್ಟು ಹೋದೆ: "ದಾದಾಗ ಹೇಳ್ರಿ ವೈನಿ, ಮುಚ್ಚಳಾನೂ ಕಾಕೂ ನನ್ನ ಚೀಲದಾಗ ಅದಾವು. ನಾ ಬರೋತನಕ ಗಾಡಿ ಗ್ವಾಡಿಗೆ ನಿಂದರ್ಲಿ. ಆ ಕಣ್ಣು ಕಟ್ಟಿಕೊಂಡು ರಸ್ತೆಗಿಳಿದ್ರ ಒಂದಿನ ಯಾರದರ ಹೆಣ ಬೀಳ್ತೈತಿ." ಅವಳು ಅದನ್ನು ನಿನ್ನದೇ ಧ್ವನಿ ಮಾಡಿ ಹೇಳಿದಳು. ಇಡೀ ಮನೆಯೇ ನಿನ್ನ ಕಡೆ!

ಯಾವ ಕಣ್ಣು? ಯುಗಾದಿ ಪಾಡ್ಯದ ದಿನದ ಒಂದು ಸಣ್ಣ ಘಟನೆಯನ್ನು ಹಿಡಿದುಕೊಂಡು ಎಷ್ಟು ದಿನ ಡೋಲು ಬಾರಿಸುತ್ತೀ? ಆ ದಿನ ನೀನು ಜ್ವರ ಬಂದು ಮಲಗಿದ್ದೆ, ಕುಂಡಲ ಊರಿನ ಶಾಲೆಗೆ ನಾಟಕದ ಕಿರೀಟಗಳ ಟ್ರಂಕು ಮುಟ್ಟಿಸಬೇಕಿತ್ತು, ನಾನು ಹೊಡೆದುಕೊಂಡು ಹೋದೆ. ದ್ರಾಕ್ಷಿ ತೋಟದ ಕಲ್ಲುಕಂಬ ರಸ್ತೆಯ ಕಡೆಗೆ ಜರುಗಿಕೊಂಡು ನಿಂತಿತ್ತು. ಕಂಬ ನೆಟ್ಟವನನ್ನು ಕೇಳುವವರಿಲ್ಲ, ಕಂಬಕ್ಕೆ ತಾಗಿದವನನ್ನು ಎಲ್ಲರೂ ಕೇಳುತ್ತಾರೆ. ಮೀರಜದ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಅವರ ಕೆಲಸವೇ ಪೊರೆ ತೆಗೆಯುವುದು, ಬಂದಿಲ್ಲ ಎಂದಾರೆಯೇ? ನಾಟಕ ಕಂಪನಿ ಮುಚ್ಚಿದ ವರ್ಷ ನಾವಿಬ್ಬರೂ ಸೇರಿ ಕೊಂಡ ಗಾಡಿ ಇದು. ಬಣ್ಣ ಒರೆಸಿಕೊಂಡ ಮೇಲೆ ನಮ್ಮಿಬ್ಬರ ಹೊಟ್ಟೆ ನಡೆಸಿದ್ದು ಈ ನಾಟಕದ ಡ್ರೆಸ್ಸಿನ ಬಾಡಿಗೆ ಅಂಗಡಿ, ಅಂಗಡಿಯನ್ನು ಊರೂರಿಗೆ ಹೊತ್ತದ್ದು ಈ ಗಾಡಿ. ಅಂದಿನಿಂದಲೂ ಹ್ಯಾಂಡಲ್ ನಿನ್ನದು. ನಾನು ಹಿಂದಿನ ಸೀಟಿನಲ್ಲಿ ಟ್ರಂಕನ್ನು ತಬ್ಬಿಕೊಂಡು ಗದೆಗಳನ್ನು ಬಗಲಲ್ಲಿ ಒತ್ತಿಕೊಂಡು ಕೂತವನು. ರಂಗದ ಮೇಲೆ ರಾಜನ ಪಾತ್ರವೆಲ್ಲ ನನ್ನದು, ರಾಣಿಯ ಪಾತ್ರವೆಲ್ಲ ನಿನ್ನದು. ರಂಗದಿಂದ ಇಳಿದ ಕೂಡಲೇ ರಾಣಿ ಮುಂದೆ, ರಾಜ ಹಿಂದೆ! ಇದೆಂಥ ನ್ಯಾಯ? ಈ ಸಲದ ಗಣಪತಿಗೆ ಬುರ್ಲಿ, ಅಂಕಲಖೋಪ, ಭಿಲವಡಿಯ ಮೇಳದವರು ಡ್ರೆಸ್ ಹೇಳಿಹೋಗಿದ್ದಾರೆ. ತಾಸಗಾವದ ಡ್ರೆಸ್ ಅಂಗಡಿಯ ಪೋತದಾರ ಟೆಂಪೊ ತಗೊಂಡು ನಮ್ಮ ಗಿರಾಕಿಗಳ ಬಾಗಿಲಲ್ಲಿ ಹಲ್ಲು ಕಿಸಿಯುತ್ತಿದ್ದಾನೆ. ಆದ್ದರಿಂದ ಗೋಡೆಯ ಮೇಲೆ ಮೊಳೆ ಹೊಡೆದ ಹಾಗೆ ಹೇಳುತ್ತೇನೆ, ಕೇಳು: ಈ ಗಣಪತಿಗೆ ಗಾಡಿ ನಾನು ಹೊಡೆಯುತ್ತೇನೆ. ತಡೆಯುವ ತಾಕತ್ತು ನಿನ್ನ ಚೀಲಕ್ಕೂ ಇಲ್ಲ, ನಿನಗೂ ಇಲ್ಲ.

ನೀನು ಮಾಡಿದ ಪಾಪದ ಫಲ ಕೇಳು. ಚಪ್ಪರದ ತಗಡು ಸೋರುತ್ತದೆ ಎಂದು ನಿನಗೆ ಗೊತ್ತು. ಸೋರುವ ಜಾಗ ನೇರ ಟ್ಯಾಂಕಿನ ತೆರೆದ ಬಾಯಿಯ ಮೇಲಕ್ಕೇ ಬರುತ್ತದೆ ಎಂಬುದೂ ಗೊತ್ತಿರಬೇಕು, ಯಾಕೆಂದರೆ ಗಾಡಿ ನಿಲ್ಲಿಸಿದವನು ನೀನು. ಆಷಾಢದ ಮೊದಲ ಜಡಿಮಳೆಯೇ ಒಳಗಿಳಿಯಿತು. ನಾನು ಬೆರಳು ಹಾಕಿ ತೆಗೆದೆ, ಬೆರಳು ಕುಂಕುಮದ ಭರಣಿಯಿಂದ ಎದ್ದು ಬಂದ ಹಾಗಿತ್ತು. ಸಂತೆಪೇಟೆಯ ಮುನೀರ್ ಮಿಸ್ತ್ರಿಯನ್ನು ಕರೆಸಿದೆ. ಅವನು ಟ್ಯಾಂಕು ಬಿಚ್ಚಿ ಅಲುಗಾಡಿಸಿದ. ಒಳಗಿನಿಂದ ತುಕ್ಕಿನ ಹಕ್ಕಳೆ ಝರ್ರನೆ ಸದ್ದು ಮಾಡಿತು. "ದಾದಾ, ಇದರಾಗ ಪೆಟ್ರೋಲ್ ಹಾಕಿದ್ರಿ ಅಂದ್ರ ಎಂಜಿನ್ನಿಗೆ ಚಹಾಪುಡಿ ತಿನಿಸಿದಂಗ. ಎರಡು ಮೈಲಿಗೆ ಉಸಿರು ಹಿಡೀತೈತಿ," ಎಂದ. ತೀಜಾಬು, ಅದೇ ಆಸಿಡ್ಡು, ಹಾಕೋಣವೆಂದರೆ ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದಂತೆ. "ದನದ ಮೇವಿಗೆ ಕಲಸೋ ಕಾಕಂಬಿ ಇಲ್ಲೇನ್ರಿ, ಅದನ್ನ ನೀರಾಗ ತೆಳ್ಳಗ ಮಾಡಿ ತುಂಬಿಸಿ ಇಡ್ರಿ. ಸಾವಕಾಶ ತುಕ್ಕು ಬಿಡ್ತೈತಿ, ತಗಡಿಗೆ ಏನೂ ಆಗಂಗಿಲ್ಲ. ಆದ್ರ ಮೊದಲ ತೂತು ಮುಚ್ಚಬೇಕು ನೋಡ್ರಿ." ಅಷ್ಟು ಹೇಳಿ ಸುಮ್ಮನಿದ್ದನೇ? "ಮೀರಜದ ಹಳೇಬಜಾರದಾಗ ಇದೇ ಅಳತಿ ಮುಚ್ಚಳಾ, ಕಾಕು ಎರಡೂ ಸಿಗ್ತಾವು. ನಾಳೆನ ತಂದು ಕೊಡ್ಲೇನ್ರಿ?" ಎಂದ. ನಾನು ಗುಡುಗಿದೆ. ನನ್ನ ಮನೆಯಿಂದ ಕಳುವಾದ ಮಾಲನ್ನು ನಾನೇ ಎರಡನೇ ಸಲ ಕೊಳ್ಳಬೇಕೇ? ಒಯ್ದವನೇ ತಂದಿಡಬೇಕು! ಪಾಪ ಮುನೀರ, ಕೈಯಲ್ಲಿದ್ದ ನಟ್ಟು ತಿರುವುವ ಪಾನಾ ಕೆಳಗೆ ಹಾಕಿದ.

ಹೀಗೆ ಮುಚ್ಚುವ ಯುದ್ಧ ಆರಂಭವಾಯಿತು. ಮೊದಲ ಅಂಕ. ಕಿರೀಟಕ್ಕೂ ಗದೆಗೂ ನಾವು ಬಳಸುವ ಮದ್ದೇ ಇದೆಯಲ್ಲ, ನೆನೆಸಿ ಕುಟ್ಟಿದ ಕಾಗದ, ಹುಣಿಸೆಬೀಜದ ಅಂಟು, ಒಣಗಿದರೆ ಕಲ್ಲು. ಅದನ್ನೇ ಕೆಳಗಿನ ತೂತಿಗೆ ಬಿರಡೆ ಮಾಡಿ ಬಡಿದೆ, ಬೇಗಡೆ ಹಚ್ಚುವುದೊಂದು ಬಾಕಿ. ಒಣಗಿದ ಮೇಲೆ ಸುತ್ತಿಗೆಯಿಂದ ತಟ್ಟಿ ನೋಡಿದೆ, ಠಣ್ ಎಂದಿತು. ಮಳೆಗೆ ದೂರವಾಗಿ ಟ್ಯಾಂಕನ್ನು ನಡುಮನೆಯ ಮಣೆಯ ಮೇಲಿಟ್ಟು ಕಾಕಂಬಿ ನೀರು ತುಂಬಿದೆ. ಕಾಗದ ಅಂದರೆ ಕಾಗದವೇ ತಾನೇ. ಬೆಳಗಾಗುವಷ್ಟರಲ್ಲಿ ಬಿರಡೆ ಅಂಬಲಿಯಾಗಿ ಇಳಿದುಹೋಗಿತ್ತು. ಕಾಕಂಬಿ ನೆಲವೆಲ್ಲ ಹರಿದು, ಕೆಳಗಿಟ್ಟಿದ್ದ ಟ್ರಂಕಿನ ಸಂದಿಯಲ್ಲಿ ನುಗ್ಗಿ, ಎಲ್ಲಿ ನಿಂತಿತು ಗೊತ್ತೇ? ನಿನ್ನ ಪಟ್ಟದ ರಾಣಿಯ ಜರಿ ಸೀರೆಯಲ್ಲಿ! ಪಲೂಸದ ಇರುವೆಗಳೆಲ್ಲ ದರ್ಬಾರಿಗೆ ಬಂದಿದ್ದವು. ನಾನು ಅತ್ತೆ ಎಂದುಕೊಂಡೆಯಾ? ಇಲ್ಲ. ಕಳ್ಳನ ಮಾಲಿಗೆ ತಕ್ಕ ಶಾಸ್ತಿ ಎಂದು ನಕ್ಕೆ. ಹೌಸಾ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಕಿರೀಟಕ್ಕ ಮೆತ್ತೋದನ್ನ ತಂದು ತೂತಿಗೆ ಮೆತ್ತಿದ್ರ ತೂತೇನು ರಾಜ ಆಗ್ತೈತೇನ್ರಿ?" ಎಂದು ಕೂಗಿದಳು. ಆಮೇಲೆ ಆ ಸೀರೆಯನ್ನು ನೀರಿನಲ್ಲಿ ಅದ್ದಿ ಅದ್ದಿ ತೆಗೆದು ನೆರಳಲ್ಲಿ ಹರವಿದಳು. ಜರಿ ಕಪ್ಪಾಗಿದೆ. ನಿನಗೆ ಹೇಳಬೇಡಿ ಎಂದಿದ್ದಾಳೆ, ಅದಕ್ಕೇ ಹೇಳುತ್ತಿದ್ದೇನೆ.

ಎರಡನೇ ಅಂಕ. ಕಾಕು ಕೂರುವ ಜಾಗದ ಆಟೆ, ತಿರುಪಿನ ಗೆರೆ, ಸವೆದುಹೋಗಿದೆ, ಬೋಲ್ಟು ಕೆಳಗಿನಿಂದ ಕಚ್ಚುವುದಿಲ್ಲ, ಒಳಗಿನಿಂದಲೇ ಇಳಿದು ಬರಬೇಕು. ಬಾಯಿಯಿಂದ ಬೋಲ್ಟು ಹಾಕಿದರೆ ಅದು ಟ್ಯಾಂಕಿನ ಯಾವುದೋ ಮೂಲೆಯಲ್ಲಿ ಹೋಗಿ ಮಲಗುತ್ತದೆ. ಹೇಗೆ ತರುವುದು? ಮುನೀರ ತಲೆ ಕೆರೆದುಕೊಂಡ. ನಾನೋ ಪರದೆ ಎಳೆದು ಬೆಳೆದವನು! ಕೆಳಗಿನ ತೂತಿನಿಂದ ಒಂದು ಗಟ್ಟಿ ದಾರ ಮೇಲೆ ತೂರಿಸಿದೆ, ತಂತಿಯ ಕೊಕ್ಕೆಯಿಂದ ಅದನ್ನು ಬಾಯಿಯ ಹೊರಗೆ ಎಳೆದೆ, ಬೋಲ್ಟಿನ ತುದಿಗೆ ಕಟ್ಟಿದೆ. ಬೋಲ್ಟಿನ ಕೊರಳಿಗೆ ಲಾರಿ ಟ್ಯೂಬು ಕತ್ತರಿಸಿ ಮಾಡಿದ ದಪ್ಪ ವಾಶರ್. ಆಮೇಲೆ ಮೆಲ್ಲಗೆ, ನಾಯಕಿ ರಂಗಕ್ಕೆ ಬರುವಾಗ ಪರದೆ ಜಾರುತ್ತದಲ್ಲ, ಹಾಗೆ ದಾರ ಕೆಳಗೆಳೆದೆ. ಬೋಲ್ಟು ನಡೆದುಕೊಂಡು ಬಂದು ತೂತಿನಲ್ಲಿ ತಲೆಬಾಗಿ ನಿಂತಿತು. ಹೊರಗಿನಿಂದ ಇನ್ನೊಂದು ವಾಶರ್, ಮೇಲೆ ನಟ್ಟು, ಪಾನಾದಿಂದ ಬಿಗಿ. ಈ ಸಲ ಜಾಣನಾಗಿದ್ದೆ, ಮೊದಲು ಬರಿ ನೀರು ತುಂಬಿ ಕೆಳಗೆ ಒಣ ಕಾಗದ ಹಾಸಿ ಕೂತೆ. ಕಾಗದ ಒದ್ದೆಯಾಗಲಿಲ್ಲ! ಎಲ್ಲಿ ಚಪ್ಪಾಳೆ? ಒಬ್ಬನೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ನೀನು ಎದುರಿಗಿರಬೇಕಿತ್ತು, ಮುಖಕ್ಕೆ ಮಂಗಳಾರತಿ ಎತ್ತುತ್ತಿದ್ದೆ.

ಇನ್ನು ಮೇಲಿನ ಬಾಯಿ. ನಿನ್ನ ಮುಚ್ಚಳವಿಲ್ಲದೆ ಈ ಬಾಯಿ ಮುಚ್ಚಲಾರೆ ಎಂದು ಪುಣೆಯಲ್ಲಿ ಕೂತು ನಗುತ್ತಿದ್ದೆಯಲ್ಲವೇ? ಅಟ್ಟದ ಮೇಲೆ ಕಂಪನಿಯ ಒಡೆದ ಢೋಲಕಿ ಇತ್ತು. ಅದರ ಚರ್ಮ ಬಿಚ್ಚಿ ನೆನೆಸಿ, ಕಾಕಂಬಿ ತುಂಬಿದ ಟ್ಯಾಂಕಿನ ಬಾಯಿಗೆ ಎಳೆದು, ದಾರದಿಂದ ಸುತ್ತಿ ಸುತ್ತಿ ಬಿಗಿದೆ. ಒಣಗಿದ ಮೇಲೆ ಬೆರಳಿಂದ ಬಡಿದೆ. ಆಹಾ, ಎಂಥ ನಾದ! ಶ್ರುತಿಗೆ ಕೂಡುವಂಥದ್ದು. ಉಗುರು ಹೋಗುವಷ್ಟೂ ಸಂದಿಲ್ಲ. ಬರಬರುತ್ತ ಚರ್ಮ ಉಬ್ಬತೊಡಗಿತು. ಚರ್ಮ ಬಿಗಿಯಾದಷ್ಟೂ ನಾದ ಏರುತ್ತದೆ, ನಾನು ಏರಿದ ನಾದ ಕೇಳಿ ಹಿಗ್ಗುತ್ತ ಕೂತೆ. ಕಡೆಗೆ ಒಂದು ಮಧ್ಯಾಹ್ನ, ಹೌಸಾ ತಟ್ಟೆಗೆ ಭಾಕರಿ ಹಾಕಿ ಜುಣಕ ಬಡಿಸುತ್ತಿದ್ದಾಳೆ, ಢಮ್ಮ್! ಕೋಟೆಯ ದಿಡ್ಡಿಬಾಗಿಲು ಸಿಡಿಸುವ ದೃಶ್ಯಕ್ಕೆ ನಾವು ಹಾರಿಸುತ್ತಿದ್ದ ಮದ್ದು ಇದರ ಮುಂದೆ ಪಿಸುಮಾತು. ಚರ್ಮ ಹರಿದು ತೊಲೆಗೆ ಬಡಿಯಿತು. ಕಾಕಂಬಿ ಕಾರಂಜಿಯಾಗಿ ಎದ್ದು ದೇವರ ಫೋಟೊ, ಹೌಸಾಳ ನೆತ್ತಿ, ನನ್ನ ಜುಣಕ, ಎಲ್ಲದರ ಮೇಲೂ ಅಭಿಷೇಕ. ಹೌಸಾ ಕಣ್ಣು ಒರೆಸಿಕೊಂಡು ಅಂದಳು, "ಅಂಬಲಿ ಗಡಿಗಿಗೂ ನಾವು ತೆಳ್ಳಾನ ಅರಿಬಿ ಕಟ್ತೀವ್ರಿ, ಹುಳಿ ಬರೋದಕ್ಕ ಗಾಳಿ ಆಡಬೇಕಂತ. ನಿಮಗ ಢೋಲಕಿ ಕಟ್ಟು ಅಂದವ್ರು ಯಾರು?" ಮುನೀರ ಓಡಿ ಬಂದು ಹೊಟ್ಟೆ ಹಿಡಿದು ನಕ್ಕ. "ದಾದಾ, ಬಾಯಿ ಮುಚ್ಚಬೇಕು ಖರೆ, ಉಸಿರು ಕಟ್ಟಬಾರದು." ಎಲ್ಲ ಆದ ಮೇಲೆ ಹೇಳುತ್ತಾನೆ ಈ ಪಂಡಿತ!

ಆಮೇಲೆ ಟಯರಿನ ತುಂಡು ಕೊರೆದು ಬಾಯಿಯ ಅಳತೆಗೆ ಬೂಚು ಮಾಡಿದೆವು. ನಡುವೆ ತೂತು ಹಾಕಿ ದವಾಖಾನೆಯ ಸಲೈನ್ ನಳಿಕೆ ತೂರಿಸಿ, ಅದರ ಇನ್ನೊಂದು ತುದಿಯನ್ನು ನೀರು ತುಂಬಿದ ಬಾಟಲಿಯಲ್ಲಿ ಮುಳುಗಿಸಿದೆವು. ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಬರುತ್ತದೆ, ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ. ಹುಳಿವಾಸನೆ ಓಣಿಯೆಲ್ಲ ಹಬ್ಬಿತು. ಪಕ್ಕದ ಮನೆಯ ಜಗನ್ನಾಥ ಗೋಡೆಯ ಮೇಲಿಂದ ಮೂಗು ತೂರಿಸಿ, "ಏನ್ ದಾದಾ, ತಮ್ಮ ಇಲ್ಲ ಅಂತ ಸೆರೆ ಇಳಿಸೋ ಹೊಸ ಧಂದೆ ಸುರು ಮಾಡೀರಿ? ಮೊದಲ ಧಾರಿ ನಮಗಿರ್ಲಿ ಮತ್ತ!" ಎಂದ. ಕಂಪನಿಯ ಮಾಲೀಕರ ಎದುರಿಗೂ ತಗ್ಗದ ಧ್ವನಿಯಲ್ಲಿ ನಾನು ಅವನಿಗೆ ಅವನ ವಂಶಾವಳಿ ಓದಿ ಹೇಳಿದೆ. ಮೂಗು ಒಳಗೆ ಹೋಯಿತು.

ಗುಳುಗುಳು ನಿಂತ ಮೇಲೆ ಬೂಚು ತೆಗೆದೆ. ಮೂಲೆಯಲ್ಲಿ ಕಚ್ಚಿಕೊಂಡ ತುಕ್ಕನ್ನು ಬಿಡಿಸಲು ಒಳಗೆ ಏನಾದರೂ ಹಾಕಿ ಕುಲುಕಬೇಕಿತ್ತು. ಮುನೀರ ಸೈಕಲ್ ಚೈನು ತರುತ್ತೇನೆಂದ. ಬೇಡ ಎಂದೆ. ನಿನ್ನ ಗೆಜ್ಜೆ ಇದ್ದವಲ್ಲ, ಯಾರಿಗೂ ಮುಟ್ಟಗೊಡದೆ ಮಖಮಲ್ಲಿನಲ್ಲಿ ಸುತ್ತಿಡುವ ಹಿತ್ತಾಳೆ ಗೆಜ್ಜೆ? ಅವನ್ನು ದಾರದಿಂದ ಬಿಡಿಸಿ ಒಂದೊಂದಾಗಿ ಟ್ಯಾಂಕಿನೊಳಗೆ ಬಿಟ್ಟೆ. ನೀನು ನನ್ನ ಮುಚ್ಚಳ ಒಯ್ದೆ, ನಾನು ನಿನ್ನ ಗೆಜ್ಜೆ ಕುಣಿಸಿದೆ! ಟ್ಯಾಂಕನ್ನು ಎದೆಗವಚಿಕೊಂಡು ಅಂಗಳದಲ್ಲಿ ನಿಂತು ಕುಲುಕಿದೆ. ಝಲ್ ಝಲ್ ಝಲ್. ನೀನು ಪರದೆಯ ಹಿಂದಿನಿಂದ ಬರುವಾಗ ಜನ ಉಸಿರು ಬಿಗಿಹಿಡಿಯುತ್ತಿದ್ದ ಅದೇ ಸದ್ದು. ಹೌಸಾ ಒಲೆ ಬಿಟ್ಟು ಬಾಗಿಲಿಗೆ ಬಂದು ನಿಂತಳು. ಬಹಳ ಹೊತ್ತು ಕುಲುಕಿದೆ, ಅಷ್ಟು ಹೊತ್ತು ಬೇಕಿರಲಿಲ್ಲ. ಗೆಜ್ಜೆಗಳನ್ನು ತೊಳೆದು ಪೋಣಿಸಿ ಇದ್ದಲ್ಲಿಯೇ ಇಟ್ಟಿದ್ದೇನೆ. ನಿನ್ನ ಹಾಗೆ ಪರರ ವಸ್ತುವನ್ನು ಚೀಲದಲ್ಲಿಟ್ಟು ಓಡುವ ಚಾಳಿ ನನಗಿಲ್ಲ.

ಟ್ಯಾಂಕನ್ನು ಸೋಡಾಪುಡಿಯ ನೀರಿನಲ್ಲಿ ತೊಳೆದು, ಎರಡು ಮಳೆಯ ನಡುವಿನ ಬಿಸಿಲಿನಲ್ಲಿ ಒಣಗಿಸಿದೆವು. ಒಳಗೆ ಬೆಳ್ಳಿಯ ಹಾಗೆ ಹೊಳೆಯುತ್ತದೆ ಎಂದು ಹೌಸಾ ಹೇಳಿದಳು. ನಾನೂ ಬೆರಳಾಡಿಸಿ ನೋಡಿದೆ, ನುಣ್ಣಗಿದೆ. ಆದರೆ ತುಕ್ಕು ಬಿಟ್ಟ ತಗಡು ಹೆರಿಗೆಯಾದ ಮೈಯ ಹಾಗೆ, ಗಾಳಿ ಸೋಕಿದರೆ ಸಾಕು, ಮತ್ತೆ ಹಿಡಿಯುತ್ತದೆ. ಆಯಿಲು ಸುರಿದು ಎಲ್ಲ ಕಡೆ ಹೊರಳಿಸಿ ಇಟ್ಟಿದ್ದೇನೆ. ಪೆಟ್ರೋಲು ತುಂಬಿಬಿಟ್ಟರೆ ಚಿಂತೆಯಿಲ್ಲ. ತುಂಬುವುದು ಹೇಗೆ? ನೀರಿಗೆ ತಡೆದ ನನ್ನ ಟ್ಯೂಬಿನ ವಾಶರ್ರು, ಟಯರಿನ ಬೂಚು ಪೆಟ್ರೋಲಿಗೆ ತಡೆಯುವುದಿಲ್ಲವಂತೆ, ನೆಂದ ಅವಲಕ್ಕಿಯ ಹಾಗೆ ಉಬ್ಬಿ ಕಿತ್ತು ಬರುತ್ತವಂತೆ. ಆದ್ದರಿಂದ, ಎಲೈ ಶ್ರೀಪತಿ, ಈ ಕಾಗದ ಕೈಗೆ ಬಂದ ಗಳಿಗೆಯಲ್ಲೇ ಮುಚ್ಚಳ ಮತ್ತು ಕಾಕನ್ನು ಬಟ್ಟೆಯಲ್ಲಿ ಹೊಲಿದು ರಜಿಸ್ಟರ್ ಪಾರ್ಸಲ್ ಮಾಡು. ನೀನು ಬರುವುದು ಬೇಡ. ಬಾಣಂತನ ಮುಗಿಸು, ತೊಟ್ಟಿಲು ತೂಗು, ಮೊಮ್ಮಗನಿಗೆ ಜೋಗುಳ ಹಾಡು, ದೀಪಾವಳಿಗೆ ಬಂದರೂ ಸರಿ, ಬಾರದಿದ್ದರೂ ಸರಿ. ಪಾರ್ಸಲ್ ಬರಲಿಲ್ಲವೋ, ನಾನು ಈ ಮನೆಯ ನಡುವೆ ಗೋಡೆ ಎಬ್ಬಿಸುತ್ತೇನೆ, ಬಾವಿ ನನ್ನ ಕಡೆ ಬರುವ ಹಾಗೆ!

ಶೈಲಾಳಿಗೂ ಕೂಸಿಗೂ ಅನೇಕ ಆಶೀರ್ವಾದ. ಅಳಿಯಂದಿರಿಗೆ ನಮಸ್ಕಾರ ತಿಳಿಸು. ನಿನಗೆ ಮೇಲೆ ಬರೆದದ್ದೇ ಸಾಕು.

ಇಂತಿ, ನಿನ್ನಿಂದ ಮೋಸಹೋದ ಅಣ್ಣ,
ಧೋಂಡಿರಾಮ ಮ್ಹೇತ್ರೆ

ತಾ.ಕ.: ಎರಡು ದಿನದ ಹಿಂದೆ ಅಂಟಿಸಿಟ್ಟ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಮುನೀರ ಮೀರಜಕ್ಕೆ ಹೋದವನು ನನ್ನನ್ನು ಕೇಳದೆ ಹೊಸ ಮುಚ್ಚಳ, ಹೊಸ ಕಾಕು ತಂದ, ಸವೆದ ಆಟೆಯನ್ನೂ ಕೊರೆಸಿ ಕೂರಿಸಿದ. ಹೌಸಾ ಹೇಳಿರಬೇಕು. ಇವತ್ತು ಬೆಳಿಗ್ಗೆ ಪೆಟ್ರೋಲು ಹಾಕಿದೆವು, ಒಂದು ಹನಿ ಸೋರಲಿಲ್ಲ. ಕಿಕ್ಕು ಹೊಡೆದೆ, ಗಾಡಿ ಹುಲಿಯ ಹಾಗೆ ಎದ್ದಿತು. ಎಲ್ಲರೂ ನೋಡುತ್ತಿದ್ದರು. ಹತ್ತಿ ಕೂತು ಗೇಟಿನ ತನಕ ಹೊಡೆದೆ. ಗೇಟಿನಾಚೆ ರಸ್ತೆಯ ಮೇಲೆ ಏನೋ ಒಂದು ಕರ್ರಗೆ ಇತ್ತು. ಎಮ್ಮೆಯೋ, ಮರದ ನೆರಳೋ, ಶಾಲೆಗೆ ಹೊರಟ ಮಕ್ಕಳ ಗುಂಪೋ, ನನಗೆ ಗೊತ್ತಾಗಲಿಲ್ಲ ತಮ್ಮಾ, ಶಿರಪ್ಯಾ. ಕಣ್ಣು ಕಿರಿದು ಮಾಡಿ ನೋಡಿದೆ, ಆದರೂ ಗೊತ್ತಾಗಲಿಲ್ಲ. ಎಂಜಿನ್ನು ಬಂದ್ ಮಾಡಿ, ಪ್ಲಗ್ಗು ಸರಿಯಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಕೂಗಿ, ಗಾಡಿ ತಳ್ಳಿಕೊಂಡು ಒಳಗೆ ಬಂದೆ. ಹೌಸಾಳಿಗೂ ಹೇಳಿಲ್ಲ, ನೀನೂ ಹೇಳಬೇಡ. ಪಾರ್ಸಲ್ ಮಾಡಬೇಡ, ಆ ಹಳೇ ಮುಚ್ಚಳ, ಕಾಕು ನನಗೆ ಬೇಕಾಗಿಲ್ಲ. ಗಣಪತಿಗೆ ಮೊದಲು ಬರಿಗೈಯಲ್ಲಿ ಬಾ. ಗಾಡಿ ನೀನೇ ಹೊಡಿ. ನಾನು ಹಿಂದೆ ಕೂತು ಬುರ್ಲಿಯ ತನಕ, ಅಲ್ಲಿಂದ ಭಿಲವಡಿಯ ತನಕ, ನಿನ್ನನ್ನು ಬೈಯುತ್ತ ಬರುತ್ತೇನೆ.